ಎಸ್‌ಕ್ಯೂಲೈಟ್ ಎಲ್ಲಿ ಬಳಸಿದ್ದೀರಿ? ಎಡವಿದ್ದನ್ನೂ ಸೇರಿಸಿ ಹೇಳಿ

ಅರಸೀಕೆರೆ ಹುಡುಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎಸ್‌ಕ್ಯೂಲೈಟ್ ಬಳಸುವವರಿಂದ ನನಗೊಂದು ಸಹಾಯ ಬೇಕು. ಮಾಹಿತಿಯನ್ನೆಲ್ಲ ಒಂದೇ ಫೈಲಿನಲ್ಲಿ ಇಡುವ ಡೇಟಾಬೇಸ್ ಅದು. ನೀವು ಅದನ್ನು ಯಾವ ಕೆಲಸಕ್ಕೆ ಹಚ್ಚಿದ್ದೀರಿ, ಅಲ್ಲಿ ಏನಾಯಿತು ಅಂತ ಬರೆಯುತ್ತೀರಾ?

ಭಾನುವಾರ ಬೆಳಿಗ್ಗೆ ನಮ್ಮೂರಿನ ಏಳೆಂಟು ಡಿಪ್ಲೊಮಾ ಮಕ್ಕಳಿಗೆ ನಾನು ಡೇಟಾಬೇಸ್ ಹೇಳಿಕೊಡುತ್ತೇನೆ. "ಮೇಡಂ, ಇದನ್ನ ಯಾರು ಬಳಸ್ತಾರೆ?" ಅಂತ ಒಬ್ಬ ಕೇಳಿದ. ಎಸ್‌ಕ್ಯೂಲೈಟ್‌ನವರೇ ಹಾಕಿರುವ ಪಟ್ಟಿ ತೋರಿಸಿದೆ. ಏರ್‌ಬಸ್ ಎ350 ವಿಮಾನ, ಆಪಲ್, ಫೈರ್‌ಫಾಕ್ಸ್, ನಮ್ಮ ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನು. ಮಕ್ಕಳಿಗೆ ಖುಷಿಯಾಯಿತು. ಆಮೇಲೆ ಅದೇ ಹುಡುಗ ಕೇಳಿದ, "ನಮ್ಮಪ್ಪನ ಗೊಬ್ಬರದ ಅಂಗಡಿಗೆ ಆಗತ್ತಾ?" ಆ ಪಟ್ಟಿಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ವಿಮಾನದಲ್ಲಿ ಇದೆ ಅಂದರೆ ಗಟ್ಟಿ ಇದೆ ಅಂತ ಗೊತ್ತಾಗುತ್ತದೆ, ಅಷ್ಟೇ. ಅಂಗಡಿಯಲ್ಲಿ ಕೂತವನಿಗೆ ಬೇಕಾಗಿರುವುದು ಬೇರೆ. ಫೈಲ್ ಎಷ್ಟು ದೊಡ್ಡದಾಯಿತು, ಒಂದೇ ಸಲಕ್ಕೆ ಎಷ್ಟು ಜನ ಬರೆಯುತ್ತಾರೆ, ಯಾವ ಸೆಟ್ಟಿಂಗ್ ಬದಲಿಸಿದಿರಿ, ಎಲ್ಲಿ ಕೈಕೊಟ್ಟಿತು, ಆಮೇಲೆ ಹೇಗೆ ಸರಿ ಮಾಡಿದಿರಿ. ಅದನ್ನೆಲ್ಲ ಸೇರಿಸಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಮಾಡಬೇಕು ಅಂತಿದ್ದೇನೆ.

ಈ ಲೈಬ್ರರಿ ಹುಟ್ಟಿದ್ದೇ ಒಂದು ನಿಜವಾದ ತೊಂದರೆಯಿಂದ. 2000ದಲ್ಲಿ ಡಿ. ರಿಚರ್ಡ್ ಹಿಪ್ ಅಮೆರಿಕ ನೌಕಾಪಡೆಯ ಒಂದು ಯುದ್ಧನೌಕೆಗೆ ಪ್ರೋಗ್ರಾಂ ಬರೆಯುವ ಕೆಲಸದಲ್ಲಿದ್ದರು. ಹಡಗಿಗೆ ಪೆಟ್ಟು ಬಿದ್ದರೆ ಯಾವ ವಾಲ್ವ್ ಮುಚ್ಚಬೇಕು, ಯಾವುದು ತೆರೆಯಬೇಕು ಅಂತ ಹೇಳುವ ಪ್ರೋಗ್ರಾಂ ಅದು. ಡೇಟಾಬೇಸ್ ಸರ್ವರ್ ನಿಂತುಹೋದರೆ ಇವರ ಪ್ರೋಗ್ರಾಂ ಕೂಡ ಕೈಚೆಲ್ಲಿ ಕೂರುತ್ತಿತ್ತು. ಮಾಹಿತಿಯನ್ನು ಸುಮ್ನೆ ಒಂದು ಫೈಲಿನಿಂದ ನೇರ ಓದಿದರೆ ಆಗಲ್ವಾ, ನಡುವೆ ಸರ್ವರ್ ಯಾಕೆ ಬೇಕು ಅಂತ ಅವರಿಗೆ ಅನ್ನಿಸಿತು. ಎಸ್‌ಕ್ಯೂಲೈಟ್ ಬಂದಿದ್ದು ಹಾಗೆ.

ಇನ್ನೊಂದು ವಿಷಯ. ಇದರ ಕೋಡ್ ಸಾರ್ವಜನಿಕ ಸ್ವತ್ತು, ಯಾರು ಬೇಕಾದರೂ ಏನು ಬೇಕಾದರೂ ಮಾಡಿಕೊಳ್ಳಬಹುದು. ಆದರೆ ಹೊರಗಿನವರು ಬರೆದ ಕೋಡನ್ನು ಅವರು ಸಾಮಾನ್ಯವಾಗಿ ಒಳಗೆ ಸೇರಿಸುವುದಿಲ್ಲ. ಅಂದಮೇಲೆ ನಮ್ಮಂಥ ಬಳಕೆದಾರರು ಕೊಡಬಹುದಾದದ್ದು ಅನುಭವ. ಆ ಅನುಭವ ಇಂಗ್ಲಿಷಿನಲ್ಲಿ ಬೇಕಾದಷ್ಟಿದೆ. ಕನ್ನಡದಲ್ಲಿ ನನಗೆ ಹುಡುಕಿದರೂ ಸಿಗಲಿಲ್ಲ.

ಮೊದಲು ನನ್ನದನ್ನೇ ಹೇಳುತ್ತೇನೆ. ಅಮ್ಮ ಊರಿನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತಾರೆ. 14 ಜನ ಸದಸ್ಯರು, ವಾರಕ್ಕೆ 50 ರೂಪಾಯಿ ಉಳಿತಾಯ, ಸಾಲಕ್ಕೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ. ಪೈಥಾನ್‌ನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದು ಎಸ್‌ಕ್ಯೂಲೈಟ್‌ಗೆ ಹಾಕಿಕೊಟ್ಟೆ. ಮೂರು ವರ್ಷದ ಲೆಕ್ಕ ಇದೆ, ಫೈಲ್ 1 ಎಂಬಿ ಕೂಡ ಆಗಿಲ್ಲ.

ಎರಡು ಕಡೆ ತಪ್ಪು ಮಾಡಿದೆ. ಹಣದ ಕಾಲಮ್ಮನ್ನು ರಿಯಲ್ (ದಶಮಾಂಶ ಸಂಖ್ಯೆ) ಅಂತ ಇಟ್ಟಿದ್ದೆ. ವರ್ಷದ ಕೊನೆಗೆ ಜಮಾ ಮತ್ತು ಖರ್ಚು ತಾಳೆ ನೋಡಿದರೆ ಪ್ರೋಗ್ರಾಂ "ಸಮ ಇಲ್ಲ" ಅನ್ನುತ್ತಿತ್ತು. ಪರದೆ ಮೇಲೆ ಎರಡೂ ಕಡೆ ಅದೇ ಮೊತ್ತ! ಅಮ್ಮ ಎರಡು ರಾತ್ರಿ ಪುಸ್ತಕ ಇಟ್ಟುಕೊಂಡು ಒಂದೊಂದೇ ಸಾಲು ಮತ್ತೆ ಕೂಡಿದರು. ದಶಮಾಂಶದ ಹಣವನ್ನು ಕಂಪ್ಯೂಟರ್ ಎರಡರ ಭಿನ್ನರಾಶಿಯಾಗಿ ಇಡುತ್ತದೆ, 12.10 ಅನ್ನುವುದು ಒಳಗೆ ಸರಿಯಾಗಿ 12.10 ಆಗಿರುವುದಿಲ್ಲ. ಕೂಡುತ್ತಾ ಹೋದಂತೆ ಕಣ್ಣಿಗೆ ಕಾಣದಷ್ಟು ವ್ಯತ್ಯಾಸ ಉಳಿಯುತ್ತದೆ. ಈಗ ಎಲ್ಲವನ್ನೂ ಪೈಸೆಯಲ್ಲಿ, ಪೂರ್ಣಾಂಕವಾಗಿ ಇಟ್ಟಿದ್ದೇನೆ. 12.10 ಅಂದರೆ 1210. ಆಮೇಲೆ ಆ ತೊಂದರೆ ಬಂದಿಲ್ಲ.

ಎರಡನೆಯದು ಇನ್ನೂ ಬೇಜಾರಿನದು. ಒಬ್ಬ ಸದಸ್ಯೆ ಮಗನ ಮನೆಗೆ ಅಂತ ಊರು ಬಿಟ್ಟರು. ಅವರ ಹೆಸರು ಅಳಿಸಿದೆ. ಅವರ ಮೂರು ಸಾಲದ ಕಂತುಗಳು ಮಾತ್ರ ಇನ್ನೊಂದು ಟೇಬಲ್ಲಿನಲ್ಲಿ ಹಾಗೇ ಉಳಿದವು. ಸದಸ್ಯರ ಪ್ರಕಾರ ಕೂಡಿದರೆ ಒಂದು ಮೊತ್ತ, ಒಟ್ಟು ಕೂಡಿದರೆ ಇನ್ನೊಂದು, ನಡುವೆ 900 ರೂಪಾಯಿ ಅಂತರ. ಟೇಬಲ್ ಮಾಡುವಾಗ ಫಾರಿನ್ ಕೀ (ಕಂತು ಇರುವ ಸದಸ್ಯರನ್ನು ಅಳಿಸಲು ಬಿಡದ ಕಟ್ಟು) ಬರೆದಿದ್ದೆ. ಆದರೆ ಎಸ್‌ಕ್ಯೂಲೈಟ್‌ನಲ್ಲಿ ಅದು ತಾನಾಗೇ ಚಾಲೂ ಇರುವುದಿಲ್ಲ. ಪ್ರತಿ ಸಲ ಫೈಲ್ ತೆರೆದಾಗಲೂ ಪ್ರಾಗ್ಮಾ ಫಾರಿನ್ ಕೀಸ್ ಆನ್ ಅಂತ ಹೇಳಬೇಕು. ಹಳೆಯ ಪ್ರೋಗ್ರಾಂಗಳು ಕೆಡಬಾರದು ಅಂತ ಹಾಗೆ ಬಿಟ್ಟಿದ್ದಾರೆ. ಈಗ ಅಳಿಸುವುದೇ ಇಲ್ಲ, "ಬಿಟ್ಟ ದಿನ" ಅಂತ ಒಂದು ಕಾಲಮ್ ಇದೆ.

ಇಷ್ಟು ಬಿಡಿಸಿ ಬರೆದರೆ ನನಗೆ ಸಾಕು. ಜನರ ಹೆಸರು, ಫೋನ್ ನಂಬರ್, ನಿಜವಾದ ಡೇಟಾ ಯಾವುದೂ ಬೇಡ. ಕೈಪಿಡಿಗೆ ಹಾಕುವ ಮೊದಲು ಒಬ್ಬೊಬ್ಬರನ್ನೂ ಕೇಳಿಯೇ ಹಾಕುತ್ತೇನೆ.

ಮಲೆನಾಡಿನ ಕನ್ನಡ ಮೇಷ್ಟ್ರು

ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ ತಾಯಿ. ಲಾಕ್‌ಡೌನ್ ಸಮಯದಲ್ಲಿ ಮಗಳು ಪೈಥಾನ್ ಕಲಿಸಿದಳು. ಶಾಲೆಯ ಗ್ರಂಥಾಲಯದ 3,800 ಪುಸ್ತಕಗಳನ್ನು ಎಸ್‌ಕ್ಯೂಲೈಟ್‌ಗೆ ಹಾಕಿದ್ದೇನೆ. ಹೆಸರು, ಬರೆದವರು, ಬೀರು, ಮತ್ತೆ ನಾಲ್ಕೈದು ಸಾಲಿನ ಪರಿಚಯ. ಬರೆಯುವವನು ನಾನೊಬ್ಬನೇ, ಹುಡುಕುವವರು ಮಕ್ಕಳು.

ನನ್ನ ಅನುಭವವೆಲ್ಲ ಹುಡುಕಾಟದ್ದು. ಎಸ್‌ಕ್ಯೂಲೈಟ್‌ನಲ್ಲಿ ಎಫ್‌ಟಿಎಸ್5 ಅನ್ನುವ ಪಠ್ಯ ಹುಡುಕಾಟದ ಸವಲತ್ತು ಇದೆ. ಅದನ್ನು ಹಾಕಿ, ಒಬ್ಬ ಹುಡುಗಿಗೆ "ಏನಾದರೂ ಹುಡುಕು ಮಗು" ಅಂದೆ. ಅವಳು "ಕಾಡು" ಅಂತ ಒತ್ತಿದಳು. ಕಾಡಿನ ಪುಸ್ತಕ ಬಂದವು. ಜೊತೆಗೆ ಕೇಡು ಬಂತು, ಕಿಡಿ ಬಂತು, ಕೋಡಿ ಕೂಡ ಬಂತು. ಅವಳು ನನ್ನ ಮುಖ ನೋಡಿದಳು. ನನಗೂ ಅರ್ಥವಾಗಲಿಲ್ಲ.

ವಾರಗಟ್ಟಲೆ ತಲೆ ಕೆಡಿಸಿಕೊಂಡು ಕೊನೆಗೆ ಕಾರಣ ಸಿಕ್ಕಿತು. ಎಫ್‌ಟಿಎಸ್5 ಸಾಲನ್ನು ಪದಗಳಾಗಿ ಒಡೆಯುತ್ತದೆ. ಯೂನಿಕೋಡ್61 ಅನ್ನುವ ಒಡೆಯುವ ಕ್ರಮ ಅದಕ್ಕೆ ಮೊದಲೇ ಗೊತ್ತುಮಾಡಿದ್ದು. ಯೂನಿಕೋಡ್‌ನಲ್ಲಿ ಯಾವುದು ಅಕ್ಷರ ಅಥವಾ ಅಂಕಿ ಅಂತ ಗುರುತಾಗಿದೆಯೋ ಅದು ಪದದ ಭಾಗ. ಉಳಿದದ್ದೆಲ್ಲ ಪದ ಮುಗಿಯುವ ಜಾಗ, ಅಂದರೆ ಖಾಲಿ ಜಾಗ ಅಥವಾ ಅಲ್ಪವಿರಾಮ ಇದ್ದ ಹಾಗೆ. ನಮ್ಮ ಕಾಗುಣಿತದ ಗುರುತುಗಳು ಯೂನಿಕೋಡ್‌ನ ಪ್ರಕಾರ ಅಕ್ಷರಗಳಲ್ಲ. ದೀರ್ಘ, ಗುಡಿಸು, ಕೊಂಬು, ಏತ್ವ, ಒತ್ತಕ್ಷರ ಮಾಡುವ ವಿರಾಮ, ಅನುಸ್ವಾರ ಎಲ್ಲವೂ "ಗುರುತು" ಅನ್ನುವ ಗುಂಪಿನಲ್ಲಿವೆ. ಹಾಗಾಗಿ ಕಾಡು ಅನ್ನುವುದು ಕ, ಡ ಅಂತ ಎರಡು ತುಂಡಾಗುತ್ತದೆ. ಕೇಡು ಕೂಡ ಕ, ಡ. ಕಿಡಿ ಕೂಡ ಅದೇ. ವರ್ಷಪೂರ್ತಿ ಮಕ್ಕಳಿಗೆ ಕಾಗುಣಿತ ತಿದ್ದಿಸುವವನು ನಾನು. ಅಷ್ಟೂ ಕಾಗುಣಿತ ಅಲ್ಲಿ ಉದುರಿಹೋಗಿತ್ತು.

ಸರಿಪಡಿಸುವುದು ಒಂದೇ ಸಾಲಿನ ಕೆಲಸ. ಟೇಬಲ್ ಮಾಡುವಾಗ ಯೂನಿಕೋಡ್61ರ ಜೊತೆ ಕೆಟಗರೀಸ್ ಅಂತ ಒಂದು ಆಯ್ಕೆ ಕೊಡಬಹುದು. ಅದರಲ್ಲಿ ಎಲ್* (ಅಕ್ಷರ), ಎನ್* (ಅಂಕಿ), ಸಿಓ (ಖಾಸಗಿ ಬಳಕೆಯ ಸಂಕೇತ) ಮೊದಲೇ ಇರುತ್ತವೆ. ಅವುಗಳ ಜೊತೆ ಗುರುತಿನ ಒಳಗುಂಪುಗಳಾದ ಎಂಸಿ ಮತ್ತು ಎಂಎನ್ ಎರಡನ್ನೂ ಸೇರಿಸಬೇಕು. ಎರಡೂ ಅಂದೆ, ನೆನಪಿರಲಿ. ನಾನು ಮೊದಲು ಎಂಎನ್ ಮಾತ್ರ ಸೇರಿಸಿದ್ದೆ. ನಮ್ಮ ಗುರುತುಗಳು ಎರಡು ಗುಂಪಿನಲ್ಲಿ ಹಂಚಿಹೋಗಿವೆ. ಗುಡಿಸು ಒಂದರಲ್ಲಿ, ದೀರ್ಘ ಇನ್ನೊಂದರಲ್ಲಿ. ಆಗ "ಕಿಡಿ" ಸರಿಯಾಯಿತು, "ಕಾಡು" ಆಗಲಿಲ್ಲ.

ಅದಾದ ಮೇಲೆ ಇನ್ನೊಂದು. ಈಗ "ಕಾಡು" ಅಂದರೆ ಕಾಡು ಮಾತ್ರ ಬರುತ್ತದೆ, "ಕಾಡಿನಲ್ಲಿ" ಬರುವುದಿಲ್ಲ. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದಲ್ಲ. ಕೊನೆಯ ಕೊಂಬು ತೆಗೆದು, "ಕಾಡ" ಅಂತ ಬರೆದು ನಕ್ಷತ್ರ ಚಿಹ್ನೆ ಹಾಕಿದರೆ ಕಾಡು, ಕಾಡಿನಲ್ಲಿ, ಕಾಡಿಗೆ ಎಲ್ಲ ಬರುತ್ತವೆ. ಕಣ್ಣಿಗೆ ಹಚ್ಚುವ ಕಾಡಿಗೆಯೂ ಬರುತ್ತದೆ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಅಕಾರಾದಿ ಪಟ್ಟಿ ಮಾಡುವವರು ಇದನ್ನೂ ಗಮನಿಸಿ. ಎಸ್‌ಕ್ಯೂಲೈಟ್ ಯೂನಿಕೋಡ್ ಸಂಖ್ಯೆಯ ಪ್ರಕಾರ ಜೋಡಿಸುತ್ತದೆ. ಅಲ್ಲಿ ಳ ಬರುವುದು ಲ ಆದ ಕೂಡಲೇ. ನಮ್ಮ ವರ್ಣಮಾಲೆಯಲ್ಲಿ ಹ ಆದ ಮೇಲೆ. ಹಾಗಾಗಿ "ಹಳ್ಳಿ" ಮೊದಲು, "ಹಸಿರು" ಆಮೇಲೆ ಬಂತು. ನಿಘಂಟಿನಲ್ಲಿ ತಿರುಗುಮುರುಗು. ಪೈಥಾನ್‌ನಲ್ಲಿ ನಮ್ಮದೇ ಕೊಲೇಶನ್ (ಜೋಡಿಸುವ ಕ್ರಮ) ಬರೆದು ಕೊಡಲು ದಾರಿಯಿದೆ, ಹತ್ತು ಸಾಲಿನಲ್ಲಿ ಮುಗಿಯಿತು. ಮತ್ತೆ "ರಾಜ್‌ಕುಮಾರ್" ಥರದ ಹೆಸರುಗಳಲ್ಲಿ ಕಣ್ಣಿಗೆ ಕಾಣದ ಒಂದು ಜೋಡಣೆ ತಡೆಯುವ ಅಕ್ಷರ ಕೂತಿರುತ್ತದೆ. ಕೆಲವರು ಅದನ್ನು ಹಾಕಿ ಟೈಪ್ ಮಾಡುತ್ತಾರೆ, ಕೆಲವರು ಹಾಕುವುದಿಲ್ಲ. ಒಳಗೆ ಹಾಕುವಾಗಲೂ ಹುಡುಕುವಾಗಲೂ ನಾನು ಅದನ್ನು ತೆಗೆದುಬಿಡುತ್ತೇನೆ.

ಅರಸೀಕೆರೆ ಹುಡುಗಿ

ಮೇಷ್ಟ್ರೇ, ತುಂಬಾ ತುಂಬಾ ಧನ್ಯವಾದ. ನೀವು ಬರೆದದ್ದನ್ನು ಓದಿ ಈಗಷ್ಟೇ ಮಾಡಿ ನೋಡಿದೆ. ನನ್ನ ಲ್ಯಾಪ್‌ಟಾಪಿನಲ್ಲೂ ಕಾಡು ಕೇಳಿದರೆ ಕೇಡು ಬಂತು! ಎಂಸಿ, ಎಂಎನ್ ಸೇರಿಸಿದ ಮೇಲೆ ಸರಿಯಾಯಿತು. ಕನ್ನಡದಲ್ಲಿ ಹುಡುಕಾಟ ಮಾಡಹೊರಟ ಯಾರಿಗಾದರೂ ಇದು ಮೊದಲ ದಿನವೇ ಗೊತ್ತಿರಬೇಕು. ಕೈಪಿಡಿಯಲ್ಲಿ ಮೊದಲ ಅಧ್ಯಾಯ ನಿಮ್ಮದೇ, ನೀವು ಒಪ್ಪಿದರೆ.

ತಪ್ಪು ಆಗಿದ್ದನ್ನು ಹೇಳಲು ಯಾರೂ ಹಿಂಜರಿಯಬೇಡಿ. "ಚೆನ್ನಾಗಿದೆ, ಬಳಸ್ತಾ ಇದ್ದೀನಿ" ಅಂತ ಇಬ್ಬರು ನನಗೆ ಖಾಸಗಿಯಾಗಿ ಬರೆದಿದ್ದಾರೆ. ಸಂತೋಷ, ಆದರೆ ಅದರಿಂದ ಮಕ್ಕಳಿಗೆ ಹೇಳಿಕೊಡಲು ಏನೂ ಸಿಗುವುದಿಲ್ಲ.

ಹುಬ್ಬಳ್ಳಿ ಸ್ಪೇರ್ ಪಾರ್ಟ್ಸ್

ಅಕ್ಕಾರೆ, ಬಳಸಬಾರದ ಕಡೆ ಬಳಸಿದ್ದು ನಡೀತದೇನ್ರೀ? ನಂದು ಅದೇ ಐತಿ.

ನಮ್ಮದು ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ. ಕೌಂಟರಿನಲ್ಲಿ ಎರಡು ಕಂಪ್ಯೂಟರ್, ಗೋಡೌನಿನಲ್ಲಿ ಒಂದು. ಬಿಲ್ಲಿನ ಪ್ರೋಗ್ರಾಂ ನಾನೇ ಬರೆದದ್ದು. ಮೂರೂ ಕಂಪ್ಯೂಟರಿಗೆ ಸಿಗಲಿ ಅಂತ ಎಸ್‌ಕ್ಯೂಲೈಟ್ ಫೈಲನ್ನು ನೆಟ್‌ವರ್ಕಿನ ಶೇರ್ಡ್ ಫೋಲ್ಡರಿನಲ್ಲಿ ಇಟ್ಟಿದ್ದೆ. ಎಂಟು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಆಗಾಗ "ಡೇಟಾಬೇಸ್ ಈಸ್ ಲಾಕ್ಡ್" ಬರೋದು. ಮತ್ತೊಮ್ಮೆ ಒತ್ತಿದರೆ ಹೋಗೋದು, ಅಂತ ಬಿಟ್ಟೆ. ಅದು ನನ್ನ ತಪ್ಪು. ಒಂದು ಮುಂಗಾರಿನ ಹೊತ್ತಿನಲ್ಲಿ, ಅಂಗಡಿ ತುಂಬಾ ರೈತರು ನಿಂತಾಗ, ಫೈಲ್ ಮಾಲ್‌ಫಾರ್ಮ್ಡ್ ಅಂತ ಬಂತು. ಅಂದರೆ ಫೈಲ್ ಕೆಟ್ಟುಹೋಗಿತ್ತು, ತೆರೆಯಲೇ ಇಲ್ಲ. ಎರಡು ದಿನದ ಬಿಲ್ಲುಗಳನ್ನು ಕಾರ್ಬನ್ ಪ್ರತಿ ನೋಡಿ ನಾನು, ನನ್ನ ತಮ್ಮ ಕೂತು ಮತ್ತೆ ಟೈಪ್ ಮಾಡಿದೆವು.

ಎಸ್‌ಕ್ಯೂಲೈಟ್‌ನವರು ಇದನ್ನು ಸ್ಪಷ್ಟವಾಗಿಯೇ ಬರೆದಿದ್ದಾರೆ. ಒಬ್ಬರು ಬರೆಯುವಾಗ ಇನ್ನೊಬ್ಬರು ಬರೆಯದಂತೆ ಫೈಲಿಗೆ ಬೀಗ ಹಾಕುತ್ತದೆ. ಆ ಬೀಗವನ್ನು ಫೈಲ್ ಸಿಸ್ಟಮ್ ಸರಿಯಾಗಿ ಪಾಲಿಸಬೇಕು. ನೆಟ್‌ವರ್ಕಿನ ಫೋಲ್ಡರುಗಳಲ್ಲಿ ಅದರ ಮೇಲೆ ಭರವಸೆ ಇಡುವಂತಿಲ್ಲ. ವಾಲ್ ಮೋಡ್ (ಹೊಸ ಬರಹವನ್ನು ಮೊದಲು ಪಕ್ಕದ ಫೈಲಿಗೆ ಹಾಕುವ ಕ್ರಮ) ಅಂತೂ ನೆಟ್‌ವರ್ಕಿನ ಮೇಲೆ ನಡೆಯುವುದೇ ಇಲ್ಲ, ಬಳಸುವವರೆಲ್ಲ ಒಂದೇ ಯಂತ್ರದಲ್ಲಿ ಇರಬೇಕು, ಯಾಕಂದರೆ ಅವರ ನಡುವೆ ಮೆಮೊರಿ ಹಂಚಿಕೆ ಆಗಬೇಕು.

ಈಗ ಹೀಗೆ ಮಾಡಿದ್ದೇನೆ. ಫೈಲ್ ಒಂದೇ ಕಂಪ್ಯೂಟರಿನ ಸ್ವಂತ ಡಿಸ್ಕಿನಲ್ಲಿದೆ. ಅಲ್ಲೇ ಒಂದು ಸಣ್ಣ ಪ್ರೋಗ್ರಾಂ ಓಡುತ್ತದೆ, ಉಳಿದ ಎರಡು ಕಂಪ್ಯೂಟರು ಬ್ರೌಸರಿನಿಂದ ಅದನ್ನು ಕೇಳುತ್ತವೆ. ಫೈಲನ್ನು ಮುಟ್ಟೋದು ಆ ಒಂದೇ ಪ್ರೋಗ್ರಾಂ. ವಾಲ್ ಮೋಡ್ ಹಾಕಿದ್ದೇನೆ, ಬ್ಯುಸಿ ಟೈಮ್‌ಔಟ್ 5,000 ಮಿಲಿಸೆಕೆಂಡ್ (ಬೀಗ ಇದ್ದರೆ ಅಷ್ಟು ಹೊತ್ತು ಕಾಯುತ್ತದೆ). ದಿನಕ್ಕೆ 250 ಬಿಲ್ಲು, ಫೈಲ್ 180 ಎಂಬಿ. ಒಂದು ಸಲಕ್ಕೆ ಒಬ್ಬರೇ ಬರೆಯಬಹುದು ಅನ್ನೋದು ಓದುವಾಗ ದೊಡ್ಡ ತೊಂದರೆ ಅನ್ನಿಸ್ತದೆ. ಒಂದು ಬಿಲ್ ಬರೆಯಲು ಕೆಲವು ಮಿಲಿಸೆಕೆಂಡ್ ಸಾಕು, ಕೌಂಟರಿನಲ್ಲಿ ಯಾರಿಗೂ ಗೊತ್ತಾಗಲ್ಲ.

ಬ್ಯಾಕಪ್ ಬಗ್ಗೆ ಒಂದು ಮಾತು. ದಿನಾ ರಾತ್ರಿ ಪೆನ್‌ಡ್ರೈವಿಗೆ ಫೈಲ್ ಕಾಪಿ ಮಾಡುತ್ತಿದ್ದೆ, ಪ್ರೋಗ್ರಾಂ ಓಡುತ್ತಿರುವಾಗಲೇ. ವಾಲ್ ಮೋಡಿನಲ್ಲಿ ಹೊಸ ಬರಹ ಮೊದಲು ಪಕ್ಕದ ಇನ್ನೊಂದು ಫೈಲಿಗೆ ಹೋಗುತ್ತದೆ. ಮುಖ್ಯ ಫೈಲ್ ಮಾತ್ರ ಕಾಪಿ ಮಾಡಿದರೆ ಇವತ್ತಿನ ಬಿಲ್ಲು ಅದರಲ್ಲಿ ಇರದೇ ಇರಬಹುದು. ಈಗ ವ್ಯಾಕ್ಯೂಮ್ ಇಂಟೂ ಅನ್ನುವ ಆದೇಶ ಬಳಸುತ್ತೇನೆ, 3.27ರಿಂದ ಈಚೆಗೆ ಇದೆ. ಓಡುತ್ತಿರುವಾಗಲೇ ಪೂರ್ತಿ ಪ್ರತಿ ಸಿಗುತ್ತದೆ. ವಾರಕ್ಕೊಮ್ಮೆ ಆ ಪ್ರತಿ ತೆರೆದು ಕೊನೆಯ ಬಿಲ್ ನಂಬರ್ ನೋಡಿಯೇ ಮಲಗೋದು.

ಮೂಡಿಗೆರೆ ತೋಟ

ನಾನು ಪ್ರೋಗ್ರಾಮರ್ ಅಲ್ಲ, ಕಾಫಿ ಬೆಳೆಗಾರ. ಆದರೂ ಬರೆಯುತ್ತೇನೆ.

ನಮ್ಮಜ್ಜ ಮಳೆ ಲೆಕ್ಕ ಇಡುತ್ತಿದ್ದರು. ಅವರ ಕಾಲದಿಂದ ಇವತ್ತಿನವರೆಗೆ ಒಂದು ದಿನವೂ ತಪ್ಪಿಲ್ಲ. ನಮ್ಮ ಕಡೆ ಮಳೆ ಅಳೆಯುವುದು ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಹೂಮಳೆ ಬಿದ್ದ ದಿನ ಬೆಳೆಗಾರರು ಒಬ್ಬರಿಗೊಬ್ಬರು ಫೋನ್ ಮಾಡಿ ಮೊದಲು ಕೇಳುವುದೇ "ಎಷ್ಟು ಸೆಂಟು?" ಅಂತ. ಒಂದು ಇಂಚು ಐದು ಸೆಂಟು ಇದ್ದರೆ ಅಜ್ಜ 1-05 ಅಂತ ಬರೆಯುತ್ತಿದ್ದರು.

ಹೋದ ವರ್ಷ ಅಕ್ಕನ ಮಗ ರಜೆಗೆ ಬಂದವನು ಎಲ್ಲವನ್ನೂ ಎಸ್‌ಕ್ಯೂಲೈಟ್‌ಗೆ ಹಾಕಿಕೊಟ್ಟ. ವರ್ಷಕ್ಕೆ ಎಷ್ಟು ಮಳೆ ಅಂತ ಕೂಡಿಸಿ ನೋಡಿದೆವು. ಒಂದು ವರ್ಷಕ್ಕೆ ಅಜ್ಜನ ಪುಸ್ತಕದಲ್ಲಿ 96 ಇಂಚು, ಕಂಪ್ಯೂಟರಿನಲ್ಲಿ 81. ಅಜ್ಜ ಕೂಡುವುದರಲ್ಲಿ ತಪ್ಪುವವರಲ್ಲ. ಹುಡುಗನಿಗೂ ಅದು ಗೊತ್ತು, ಹಾಗಾಗಿ ಕಂಪ್ಯೂಟರನ್ನೇ ತಡಕಿದ.

ಅವನು ಕೆಲವು ಸಾಲನ್ನು 1.05 ಅಂತ, ಕೆಲವನ್ನು ಪುಸ್ತಕದಲ್ಲಿ ಇದ್ದ ಹಾಗೆ 1-05 ಅಂತ ಹಾಕಿದ್ದ. ಕಾಲಮ್ ರಿಯಲ್ ಅಂತ ಇದ್ದರೂ ಎಸ್‌ಕ್ಯೂಲೈಟ್ 1-05 ಅನ್ನು ಬೇಡ ಅನ್ನಲಿಲ್ಲ. ಅಕ್ಷರಗಳ ಸಾಲು ಅಂತ ಇಟ್ಟುಕೊಂಡು ಸುಮ್ಮನಾಯಿತು. ಕೂಡುವಾಗ ಮಾತ್ರ ಆ ಸೆಂಟುಗಳು ಲೆಕ್ಕಕ್ಕೆ ಬರಲಿಲ್ಲ. ಟೈಪ್‌ಆಫ್ ಅನ್ನುವ, ಇಟ್ಟದ್ದು ಯಾವ ಥರದ್ದು ಅಂತ ಹೇಳುವ ಫಂಕ್ಷನ್ ಹಾಕಿ ಹುಡುಕಿದಾಗ ಅಂಥ 412 ಸಾಲು ಸಿಕ್ಕವು. ಈಗ ಟೇಬಲ್ಲನ್ನು ಸ್ಟ್ರಿಕ್ಟ್ ಅಂತ ಮಾಡಿದ್ದಾನೆ. 2021ರಲ್ಲಿ ಬಂದ ಸವಲತ್ತಂತೆ. ಬೇರೆ ಥರದ್ದು ಹಾಕಲು ಹೋದರೆ ಅಲ್ಲೇ ತಡೆಯುತ್ತದೆ. ಮಳೆಯನ್ನು ಸೆಂಟಿನಲ್ಲೇ ಇಟ್ಟಿದ್ದೇವೆ, 1-05 ಅಂದರೆ 105. ನಿಮ್ಮ ಪೈಸೆಯ ಹಾಗೇ.

ನನ್ನದೊಂದು ಪ್ರಶ್ನೆ ಇದೆ. ಅಜ್ಜನ ಪುಸ್ತಕ ಇನ್ನೂ ಓದಲು ಬರುತ್ತದೆ. ಈ ಫೈಲು ನನ್ನ ಮೊಮ್ಮಕ್ಕಳಿಗೆ ಓದಲು ಬರುತ್ತದಾ?

ಅರಸೀಕೆರೆ ಹುಡುಗಿ

ಸರ್, ಗೊತ್ತಿರುವುದನ್ನು ಹೇಳುತ್ತೇನೆ. ಈಗಿನ ಫೈಲ್ ರೂಪ 2004ರಲ್ಲಿ ಬಂದ 3ನೇ ಆವೃತ್ತಿಯದು. ಆಗ ಮಾಡಿದ ಫೈಲನ್ನು ಇವತ್ತಿನ ಎಸ್‌ಕ್ಯೂಲೈಟ್ ತೆರೆಯುತ್ತದೆ. 2050ರವರೆಗೆ ಇದನ್ನು ನೋಡಿಕೊಳ್ಳುತ್ತೇವೆ ಅಂತ ಅದನ್ನು ಬರೆದವರು ಹೇಳಿದ್ದಾರೆ. ಡೇಟಾವನ್ನು ಬಹಳ ಕಾಲ ಕಾಪಿಡಲು ತಕ್ಕ ರೂಪಗಳು ಅಂತ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಶಿಫಾರಸು ಮಾಡುವ ಪಟ್ಟಿಯಲ್ಲಿ ಎಸ್‌ಕ್ಯೂಲೈಟ್ ಕೂಡ ಇದೆ. ಫೈಲಿನ ಒಳಗಿನ ರಚನೆ ಹೇಗಿದೆ ಅಂತ ಒಂದೊಂದು ಬೈಟಿನ ಲೆಕ್ಕದಲ್ಲಿ ಬರೆದಿಟ್ಟಿದ್ದಾರೆ. ಹಾಗಾಗಿ ಪ್ರೋಗ್ರಾಂ ಇಲ್ಲದಿದ್ದರೂ ಓದುವುದನ್ನು ಯಾರಾದರೂ ಮತ್ತೆ ಬರೆಯಬಹುದು.

ಆದರೂ ವರ್ಷಕ್ಕೊಮ್ಮೆ ಸಿಎಸ್‌ವಿ (ಸಾದಾ ಪಠ್ಯದ ಪಟ್ಟಿ) ಆಗಿಯೂ ಒಂದು ಪ್ರತಿ ತೆಗೆದಿಡಿ. ಅಜ್ಜನ ಪುಸ್ತಕದ ಫೋಟೊ ತೆಗೆದಿದ್ದೀರಾ? ಆ 412 ಸಾಲು ಸಿಕ್ಕಿದ್ದೇ ಪುಸ್ತಕ ಇದ್ದಿದ್ದರಿಂದ. ಅದನ್ನು ಮಾತ್ರ ದಯವಿಟ್ಟು ಜೋಪಾನ ಮಾಡಿ.

ಹುಬ್ಬಳ್ಳಿ ಅಣ್ಣ, ನಿಮ್ಮದು ಖಂಡಿತ ನಡೆಯುತ್ತದೆ. ಗೊಬ್ಬರದ ಅಂಗಡಿ ಹುಡುಗನಿಗೆ ನೀವು ಬರೆದದ್ದನ್ನು ಆಗಲೇ ಓದಿ ಹೇಳಿದೆ. ಅವರಲ್ಲೂ ಎರಡು ಕಂಪ್ಯೂಟರ್ ಇವೆಯಂತೆ, ಶೇರ್ಡ್ ಫೋಲ್ಡರ್ ಮಾಡಬೇಕು ಅಂತಲೇ ಇದ್ದನಂತೆ.

ನಿಮ್ಮ ಮೂವರದ್ದನ್ನೂ ಕೈಪಿಡಿಗೆ ಹಾಕಲೇ?

ಮೂಡಿಗೆರೆ ತೋಟ

ಹಾಕಿಕೊಳ್ಳಮ್ಮ. ತೋಟದ ಹೆಸರು ಬೇಡ. ಪುಸ್ತಕದ ಫೋಟೊ ತೆಗೆದಿರಲಿಲ್ಲ, ಇವತ್ತು ಸಂಜೆ ಶುರು ಮಾಡುತ್ತೇವೆ. ಒಟ್ಟು 11 ಪುಸ್ತಕ ಇವೆ.